ಹಳೆಯ ಡಾಸ್ ಯಂತ್ರದಲ್ಲಿ ಜಿಪ್ ಕಡತ ಬಿಚ್ಚುವ ಮುನ್ನ

ಹಳೆಯ ಫ್ಲಾಪಿಗಳಲ್ಲಿ ಉಳಿದುಹೋದ ಲೆಕ್ಕಪತ್ರಗಳನ್ನೂ ಮುದ್ರಣದ ಕಡತಗಳನ್ನೂ ಇಂದಿನ ಕಂಪ್ಯೂಟರಿಗೆ ತಂದುಕೊಡುವುದು ನನ್ನ ಉದ್ಯೋಗ. ಇದಕ್ಕಾಗಿ ಎಂಎಸ್-ಡಾಸ್ 6.22 (ಆಜ್ಞೆಗಳನ್ನು ಟೈಪ್ ಮಾಡಿ ನಡೆಸುವ ಹಳೆಯ ಕಾರ್ಯಾಚರಣ ವ್ಯವಸ್ಥೆ) ಹಾಕಿರುವ 486 (ಪೆಂಟಿಯಂಗೂ ಹಿಂದಿನ ಪ್ರೊಸೆಸರ್) ಯಂತ್ರವೊಂದನ್ನು ಇಂದಿಗೂ ಸುಸ್ಥಿತಿಯಲ್ಲಿ ಇಟ್ಟುಕೊಂಡಿದ್ದೇನೆ. ಫ್ಲಾಪಿಯ ಪೂರ್ಣ ಇಮೇಜ್, ಅಂದರೆ ಇಡೀ ಫ್ಲಾಪಿಯ ಬೈಟ್‌ಬೈಟ್ ನಕಲು, ತೆಗೆದುಕೊಳ್ಳದೆ ಅದರಲ್ಲಿನ ಯಾವ ಜಿಪ್ ಕಡತವನ್ನೂ (ಕುಗ್ಗಿಸಿ ಒಂದಾಗಿ ಕಟ್ಟಿದ ಕಡತ) ಬಿಚ್ಚಬಾರದು ಎಂಬುದು ಈ ಕೆಲಸದಲ್ಲಿ ನಾನು ಎಂದೂ ಸಡಿಲಿಸದ ನಿಯಮ.

ಕಡತಗಳನ್ನಷ್ಟೇ ಕಾಪಿ ಮಾಡಿಕೊಂಡರೆ ಸಾಲದೇ ಎಂದು ಗ್ರಾಹಕರು ಕೇಳುತ್ತಾರೆ. ಸಾಲದು. 1990ರ ದಶಕದಲ್ಲಿ ಒಂದೇ ಫ್ಲಾಪಿಯಲ್ಲಿ ಹಿಡಿಸದಷ್ಟು ದತ್ತಾಂಶವನ್ನು ಜಿಪ್ ಕಡತ ಕಟ್ಟುವ ಪಿಕೆಜಿಪ್ 2.04ಜಿ ಎಂಬ ತಂತ್ರಾಂಶ ಬಳಸಿ ಹಲವು ಫ್ಲಾಪಿಗಳಿಗೆ ಹಂಚುವ ರೂಢಿಯಿತ್ತು. ಹೀಗೆ ಹಂಚಿದಾಗ ಎಲ್ಲ ಫ್ಲಾಪಿಗಳಲ್ಲೂ ಜಿಪ್ ಕಡತದ ಹೆಸರು ಒಂದೇ ಆಗಿರುತ್ತದೆ. ಯಾವುದು ಎಷ್ಟನೆಯದು ಎಂಬ ಗುರುತು 'ಪಿಕೆಬ್ಯಾಕ್# 001' ಎಂಬಂತಹ ವಾಲ್ಯೂಮ್ ಲೇಬಲ್ಲಿನಲ್ಲಿ (ಫ್ಲಾಪಿಗೇ ಕೊಟ್ಟ ಹೆಸರಿನಲ್ಲಿ) ಮಾತ್ರ ಇರುತ್ತದೆ. ಎಲ್ಲವನ್ನೂ ಒಂದೇ ಫೋಲ್ಡರಿಗೆ ಎಳೆದುಕೊಂಡರೆ ಒಂದರ ಮೇಲೊಂದು ಬರೆದುಹೋಗುವುದಲ್ಲದೆ, ಆ ಲೇಬಲ್ ಕೂಡ ಜೊತೆಗೆ ಬರುವುದಿಲ್ಲ. ಇಮೇಜ್ ತೆಗೆದರೆ 1.44 ಎಂಬಿ ಫ್ಲಾಪಿಯ 14,74,560 ಬೈಟ್‌ಗಳೂ, ಲೇಬಲ್ ಸಮೇತ, ಇದ್ದಂತೆಯೇ ಉಳಿಯುತ್ತವೆ. ಬಿಚ್ಚಲು ಹೊರಟಾಗ ಪಿಕೆಜಿಪ್‌ನ ಜೊತೆ ತಂತ್ರಾಂಶವಾದ ಪಿಕೆಅನ್‌ಜಿಪ್ ಮೊದಲು ಕೇಳುವುದು ಕೊನೆಯ ಫ್ಲಾಪಿಯನ್ನು, ಏಕೆಂದರೆ ಒಳಗೇನಿದೆ ಎಂಬ ಪಟ್ಟಿಯನ್ನು ಜಿಪ್ ತನ್ನ ಕೊನೆಯಲ್ಲಿ ಇಟ್ಟುಕೊಂಡಿರುತ್ತದೆ. ಆದ್ದರಿಂದ ಒಂದು ಕಟ್ಟು ಫ್ಲಾಪಿ ಬಂದರೆ ನಾನು ಮೊದಲು ಪರೀಕ್ಷಿಸುವುದು ಕೊನೆಯದನ್ನೇ. ಅದಕ್ಕೂ ಮುನ್ನ ಪ್ರತಿಯೊಂದರ ಮೂಲೆಯ ಚಿಕ್ಕ ಗುಂಡಿಯನ್ನು ಸರಿಸಿ, ಕಿಂಡಿ ತೆರೆದು, ಬರವಣಿಗೆಯನ್ನು ತಡೆದಿರುತ್ತೇನೆ.

ಬಿಚ್ಚುವ ಮೊದಲು ಪಿಕೆಅನ್‌ಜಿಪ್‌ನ '-ಟಿ' ಆಯ್ಕೆಯಿಂದ ಕಡತವನ್ನು ತಪಾಸಣೆ ಮಾಡಬೇಕು. ಬಿಚ್ಚುವಾಗ '-ಡಿ' ಕೊಡಲೇಬೇಕು. ಇಲ್ಲವಾದರೆ ಒಳಫೋಲ್ಡರುಗಳ ರಚನೆ ಅಳಿದು ಎಲ್ಲವೂ ಒಂದೆಡೆ ಬಂದು ಬೀಳುತ್ತದೆ.

ತಪಾಸಣೆಯ ನಿಜವಾದ ಬೆಲೆ ತಿಳಿಯುವುದು ತಂತ್ರಾಂಶವನ್ನು ಓಡಿಸಿ ನೋಡುವಾಗ. ಟರ್ಬೋ ಪ್ಯಾಸ್ಕಲ್ ಎಂಬ ಪ್ರೋಗ್ರಾಮಿಂಗ್ ಸಾಧನದಲ್ಲಿ ಬರೆದ ಎಷ್ಟೋ ಪ್ರೋಗ್ರಾಂಗಳು ವೇಗದ ಪೆಂಟಿಯಂ ಯಂತ್ರಗಳಲ್ಲಿ ತೆರೆದ ಕೂಡಲೇ 'ರನ್‌ಟೈಮ್ ಎರರ್ 200' ಎಂದು ನಿಂತುಬಿಡುತ್ತವೆ. ಕಡತವೇ ಕೆಟ್ಟಿದೆ ಎಂದು ಅನೇಕರು ಅಲ್ಲಿಗೇ ಕೈಬಿಡುತ್ತಾರೆ. ವಾಸ್ತವವಾಗಿ ಆ ಪ್ರೋಗ್ರಾಂ ಆರಂಭದಲ್ಲಿ ಯಂತ್ರದ ವೇಗವನ್ನು ಅಳೆಯಲು ಒಂದು ಭಾಗಾಕಾರ ಮಾಡುತ್ತದೆ. ಯಂತ್ರ ತೀರ ವೇಗವಾಗಿದ್ದರೆ ಅದರ ಉತ್ತರ 16 ಬಿಟ್‌ಗಳಲ್ಲಿ ಹಿಡಿಸುವುದಿಲ್ಲ. ತಪಾಸಣೆಯಲ್ಲಿ ಕಡತ ತೇರ್ಗಡೆಯಾಗಿದ್ದರೆ ದೋಷವನ್ನು ಫ್ಲಾಪಿಯಲ್ಲಿ ಹುಡುಕುವ ಅಗತ್ಯವೇ ಇರುವುದಿಲ್ಲ. ಅದೇ ಪ್ರೋಗ್ರಾಂ 486ರಲ್ಲಿ ಯಾವ ತಕರಾರೂ ಇಲ್ಲದೆ ತೆರೆದುಕೊಳ್ಳುತ್ತದೆ.