ಡ್ರಾಯರಿನಲ್ಲಿ ಒಂದು ಬಾಟಲಿ ಉಪ್ಪಾಗೆ

ಮುಂಬೈನ ಫೋರ್ಟ್‌ನಲ್ಲಿ ಪೈಪ್ ತಂಬಾಕು ಮಾರುವ ಅಂಗಡಿಯಲ್ಲಿ ನಾನು ಕೆಲಸಕ್ಕಿದ್ದೇನೆ. ಕೌಂಟರಿಗೆ ಬಂದು 11 ವರ್ಷವಾಯಿತು. ನನ್ನ ಡ್ರಾಯರಿನಲ್ಲಿ ಬಿಲ್ ಪುಸ್ತಕದ ಪಕ್ಕ ಒಂದು ಸಣ್ಣ ಗಾಜಿನ ಬಾಟಲಿ ಇದೆ. ಅದರೊಳಗೆ ಉಪ್ಪಾಗೆ ಸಿಪ್ಪೆ, ನಮ್ಮ ಕಡೆ ಅಡುಗೆಯ ಹುಳಿಗೆ ಹಾಕುವ ಕಾಡುಹಣ್ಣಿನದ್ದು. ಶಿರಸಿ ಹತ್ತಿರದ ನಮ್ಮ ಮನೆಯಿಂದ ಅಮ್ಮ ಕಳಿಸಿದ್ದು, ಒಲೆ ಹೊಗೆಗೆ ಒಣಗಿ ಕಪ್ಪಾಗಿದ್ದು. ಲಟಾಕಿಯಾ, ಅಂದರೆ ಹೊಗೆಯಲ್ಲಿ ಹದ ಮಾಡಿದ ಪೈಪ್ ತಂಬಾಕು, ಕೇಳಿಕೊಂಡು ಬರುವವರಿಗೆ ತಂಬಾಕಿನ ಡಬ್ಬಿ ತೋರಿಸುವ ಮೊದಲು ಇದನ್ನು ಮೂಸಲು ಕೊಡುತ್ತೇನೆ. ಒಂದು ತಪ್ಪು ಮಾಡಿದ ಮೇಲೆ ಕಲಿತ ಅಭ್ಯಾಸ ಇದು.

ಆಗ ನಾನು ಸೇರಿ ಎರಡು ವರ್ಷವಾಗಿತ್ತು. ಮಾಟುಂಗದ ಹಿರಿಯರೊಬ್ಬರು ಬರುತ್ತಿದ್ದರು. ಬ್ಯಾಂಕಿನಿಂದ ನಿವೃತ್ತರಾದವರು, ನಮ್ಮ ಕಡೆಯವರೇ. ಕನ್ನಡದಲ್ಲಿ ಮಾತಾಡಲು ಸಿಕ್ಕ ಖುಷಿಗೆ ಅರ್ಧ ಗಂಟೆ ನಿಂತೇ ಇರುತ್ತಿದ್ದರು. ಅವರ ಹತ್ತಿರ ಇದ್ದದ್ದು ಒಂದೇ ಪೈಪು, ತಂದೆಯದ್ದು. ಅದರಲ್ಲಿ ತಂದೆ ಸೇದುತ್ತಿದ್ದ ವೆನಿಲಾ ಪರಿಮಳದ ಕ್ಯಾವೆಂಡಿಶ್ ತಂಬಾಕನ್ನೇ ಇವರೂ ಸೇದುತ್ತಿದ್ದರು. ಒಂದು ದಿನ "ಹೊಗೆ ವಾಸನೆ ಇರೋದು ಕೊಡಿ, ಸ್ವಲ್ಪ ಜೋರಾಗಿರಲಿ" ಅಂದರು. ಕಪಾಟಿನಲ್ಲಿದ್ದ ಅತಿ ಕಪ್ಪು, ಅತಿ ಭಾರದ ಲಟಾಕಿಯಾ ಮಿಶ್ರಣ ತೆಗೆದು ಕೊಟ್ಟೆ. ಇನ್ನೇನೂ ಕೇಳಲಿಲ್ಲ.

ಒಂದು ವಾರಕ್ಕೆ ವಾಪಸ್ ಬಂದರು. ಅರ್ಧ ಪೈಪ್ ಮುಗಿಯುವಷ್ಟರಲ್ಲಿ ತಲೆ ಸುತ್ತಿ, ಬೆವರಿ, ಮಲಗಿಬಿಟ್ಟಿದ್ದರಂತೆ. ಅದನ್ನು ಅವರು ದೊಡ್ಡದು ಮಾಡಲಿಲ್ಲ. ಪೈಪನ್ನು ಮಾತ್ರ ನನ್ನ ಕೈಗಿಟ್ಟು, "ಮೂಸಿ ನೋಡಿ, ಅಪ್ಪನ ವಾಸನೆ ಹೋಯ್ತು" ಅಂದರು. ಮೂಸಿದೆ. ಬರೀ ಹೊಗೆ. ಎರಡು ಸಂಜೆ ಕೂತು ಉಪ್ಪು, ಸ್ಪಿರಿಟ್ ಹಾಕಿ ತೊಳೆದೆ. ಹೊಗೆ ಸ್ವಲ್ಪ ಇಳಿಯಿತು. ಆ ಹಳೆಯ ವಾಸನೆ ತಿರುಗಿ ಬರಲಿಲ್ಲ.

ನನ್ನ ಮೊದಲ ತಪ್ಪು, ಹೊಗೆಯ ರುಚಿ ಮತ್ತು ನಿಕೋಟಿನ್ನಿನ ಜೋರು ಒಂದೇ ಅಂದುಕೊಂಡಿದ್ದು. ಲಟಾಕಿಯಾ ನೋಡಲು ಇದ್ದಿಲಿನಷ್ಟು ಕಪ್ಪು. ಡಬ್ಬಿ ತೆಗೆದರೆ ಕೋಣೆಯೆಲ್ಲ ವಾಸನೆ. ಆದರೆ ನಿಕೋಟಿನ್ ಅದರಲ್ಲಿ ಜಾಸ್ತಿ ಇಲ್ಲ. ಆ ಹಿರಿಯರ ತಲೆ ಸುತ್ತಿದ್ದು ಜೊತೆಗಿದ್ದ ಬೇರೆ ಎಲೆಗಳಿಂದ. ವೆನಿಲಾ ತಂಬಾಕನ್ನು ಎಳೆದ ಹಾಗೆ ಅದನ್ನೂ ಬೇಗ ಬೇಗ ಎಳೆದಿದ್ದರು.

ಲಟಾಕಿಯಾ ಅನ್ನುವುದು ಸಿರಿಯಾದ ಒಂದು ಬಂದರು ಊರಿನ ಹೆಸರು. ಅಲ್ಲಿಂದ ಹೊರಟ ಎಲೆಗೆ ಆ ಹೆಸರೇ ನಿಂತಿತು. ಇದರ ರುಚಿ ಹುಟ್ಟುವುದು ಹೊಗೆಮನೆಯಲ್ಲಿ. ಬಿಸಿಲಿಗೆ ಒಣಗಿಸಿದ ಸಣ್ಣ ಎಲೆಗಳನ್ನು ಕಟ್ಟಿ ತೂಗುಹಾಕಿ, ಕೆಳಗೆ ಕಟ್ಟಿಗೆ, ಪೊದೆಗಳನ್ನು ಉರಿಸದೆ ಹೊಗೆಯಾಡಿಸುತ್ತಾರೆ. ಸೈಪ್ರಸ್‌ನಲ್ಲಿ ಮಾಸ್ಟಿಕ್, ಮರ್ಟಲ್, ಪೈನ್, ಓಕ್ ಎಲ್ಲ ಈ ಹೊಗೆಗೆ ಹೋಗುತ್ತವೆ. ಮಾಸ್ಟಿಕ್ ರಾಳ ಕೊಡುವ ಗಿಡ. ಹಾಗಾಗಿ ಒಳ್ಳೆಯ ಲಟಾಕಿಯಾ ಮೂಸಿದರೆ ಹಂಡೆ ಒಲೆಯ ಹೊಗೆಯ ಹಿಂದೆ ಎಲ್ಲೋ ರಾಳಧೂಪವೂ ಸಿಗುತ್ತದೆ. ಸಿರಿಯಾದಲ್ಲಿ ಕಾಡು ಕರಗುತ್ತಾ ಬಂದು ಕಟ್ಟಿಗೆ ಕಡಿಯಲು ತಡೆ ಬಿತ್ತು. ಈಗ ಮಿಶ್ರಣಗಳಲ್ಲಿ ಬರುವುದು ಹೆಚ್ಚಾಗಿ ಸೈಪ್ರಸ್ ಬಗೆಯದ್ದು. ನಮ್ಮ ಕಡೆಯೂ ಉಪ್ಪಾಗೆ ಒಣಗಿಸಲು ಮಳೆಗಾಲದಲ್ಲಿ ಎಷ್ಟು ಕಟ್ಟಿಗೆ ಸುಡುತ್ತಾರೆ ಅಂತ ಕಂಡವನಿಗೆ ಈ ಕಥೆ ಬೇರೆ ದೇಶದ್ದು ಅನಿಸುವುದಿಲ್ಲ.

ಹುಣಸೂರು, ಪಿರಿಯಾಪಟ್ಟಣದ ಕಡೆಯವರಿಗೆ ವ್ಯತ್ಯಾಸ ಹೇಳುವುದು ಸುಲಭ. ಅಲ್ಲಿ ವರ್ಜೀನಿಯಾ ತಂಬಾಕಿನ ಎಲೆಯನ್ನು ಬ್ಯಾರನ್‌ನಲ್ಲಿ, ಅಂದರೆ ಎಲೆ ಒಣಗಿಸುವ ಮನೆಯಲ್ಲಿ, ಬೇಯಿಸುವಾಗ ಬಿಸಿ ಕೊಳವೆಯಲ್ಲಿ ಹರಿಯುತ್ತದೆ. ಹೊಗೆ ಎಲೆಗೆ ತಾಗುವುದಿಲ್ಲ. ಬಣ್ಣ ಹಳದಿ ಬರುತ್ತದೆ, ಸಿಹಿ ಉಳಿಯುತ್ತದೆ. ಲಟಾಕಿಯಾಕ್ಕೆ ಹೊಗೆ ತಾಗಿದರೇನೇ ರುಚಿ. ಪೈಪಿನೊಳಗೆ ಇವೆರಡೂ ಒಬ್ಬರಿಗೊಬ್ಬರು ಬೇಕಾದವರು. ಹಾಗಾಗಿ ಇಂಗ್ಲಿಷ್ ಶೈಲಿ ಅನ್ನುವ ಮಿಶ್ರಣಗಳಲ್ಲಿ ಸಿಹಿಗೆ ವರ್ಜೀನಿಯಾ, ಹುಳಿ-ಮಸಾಲೆಗೆ ಟರ್ಕಿ, ಗ್ರೀಸ್ ಕಡೆಯ ಓರಿಯಂಟಲ್ ಎಲೆ, ಹೊಗೆಗೆ ಲಟಾಕಿಯಾ. ಓರಿಯಂಟಲ್ ಮುಂದೆ ನಿಂತರೆ ಬಾಲ್ಕನ್ ಅನ್ನುತ್ತಾರೆ.

ಈಗ ಯಾರಾದರೂ ಲಟಾಕಿಯಾ ಕೇಳಿದರೆ ಮೊದಲು ಉಪ್ಪಾಗೆ ಬಾಟಲಿ. ಕೆಲವರು ಮೂಸಿದ ತಕ್ಷಣ ಮುಖ ಅರಳಿಸಿ ಇನ್ನೊಮ್ಮೆ ಮೂಸುತ್ತಾರೆ. ಯಾರದೋ ಅಜ್ಜಿಮನೆ, ಯಾವುದೋ ಬಚ್ಚಲೊಲೆ ನೆನಪಾಗುತ್ತದೆ. ಅವರಿಗೆ ಲಟಾಕಿಯಾ ಹಿಡಿಸುತ್ತದೆ. ಮುಖ ಕಿವುಚಿದವರಿಗೆ ನಾನು ಮಾರುವುದಿಲ್ಲ, ವರ್ಜೀನಿಯಾ ತೋರಿಸುತ್ತೇನೆ. 50 ಗ್ರಾಂ ಆಮದು ಡಬ್ಬಿಯ ಬೆಲೆ ಕಮ್ಮಿ ಏನಲ್ಲ. ಸುಮ್ನೆ ಕೊಂಡು ಕಪಾಟಿನಲ್ಲಿಟ್ಟು ಏನು ಮಾಡುತ್ತಾರೆ?

ಹಿಡಿಸಿದವರಿಗೆ ಮೊದಲು ನಾನು ಹೇಳುವುದು ಅರ್ಲಿ ಮಾರ್ನಿಂಗ್ ಪೈಪ್ ಅನ್ನುವ ಮಿಶ್ರಣ. ಹಳಬರು ಈಗಲೂ ಹಳೆಯ ಕಂಪನಿ ಹೆಸರು ಹಿಡಿದು ಡನ್‌ಹಿಲ್ ಅಂತಲೇ ಕೇಳುತ್ತಾರೆ, ಈಗ ಅದು ಪೀಟರ್ಸನ್ ಹೆಸರಿನಲ್ಲಿ ಬರುತ್ತದೆ. ಹೊಗೆ ಇದೆ, ಆದರೆ ಹಿಂದೆ ನಿಂತಿದೆ. ಸಾಮ್ಯುಯೆಲ್ ಗಾವಿತ್‌ನವರ ಸ್ಕ್ವಾಡ್ರನ್ ಲೀಡರ್ ನನಗೆ ಇದಕ್ಕಿಂತ ಇಷ್ಟ. ಇಂಗ್ಲೆಂಡಿನ ಕೆಂಡಲ್ ಊರಿನದ್ದು. ಓರಿಯಂಟಲ್ ಎಲೆಯ ತೆಳು ಹುಳಿ ಅದರಲ್ಲಿ ಚೆನ್ನಾಗಿ ಕೇಳಿಸುತ್ತದೆ. ಇನ್ನೂ ಮೆತ್ತಗೆ, ತುಂಬಿದ ಹಾಗೆ ಬೇಕು ಅನ್ನುವವರಿಗೆ ಮೈ ಮಿಕ್ಸ್‌ಚರ್ 965. ಅದರಲ್ಲಿ ಆವಿ, ಒತ್ತಡ ಕೊಟ್ಟು ಹದ ಮಾಡಿದ ಕ್ಯಾವೆಂಡಿಶ್ ಇದೆ, ರುಚಿಯ ಒರಟೆಲ್ಲ ಇಳಿಯುತ್ತದೆ. ಇವಿಷ್ಟು ಒಂದೊಂದಾಗಿ, ಒಂದು ಡಬ್ಬಿ ಮುಗಿದ ಮೇಲೆ ಇನ್ನೊಂದು.

ನೈಟ್‌ಕ್ಯಾಪ್ ಆಮೇಲೆ. ಹೆಸರೇ ಹೇಳುವ ಹಾಗೆ ರಾತ್ರಿ ಊಟದ ನಂತರದ್ದು, ಖಾಲಿ ಹೊಟ್ಟೆಗೆ ಖಂಡಿತ ಬೇಡ. ಅದರಲ್ಲಿ ಪೆರಿಕ್ ಇದೆ. ಅಮೆರಿಕದ ಲೂಸಿಯಾನಾದ ಸೇಂಟ್ ಜೇಮ್ಸ್ ಪ್ಯಾರಿಷ್‌ನಲ್ಲಿ ಎಲೆಯನ್ನು ಪೀಪಾಯಿಗೆ ಒತ್ತಿ, ತನ್ನ ರಸದಲ್ಲೇ ಹುದುಗಲು ಬಿಟ್ಟು ಮಾಡುವ ತಂಬಾಕು ಅದು. ನಮ್ಮ ಮಿಡಿ ಉಪ್ಪಿನಕಾಯಿ ಭರಣಿಯ ಮೇಲೆ ಕಲ್ಲು ಹೇರುವ ಹಾಗೆಯೇ. ಕಾರ್ನೆಲ್ ಅಂಡ್ ಡೀಲ್ ಅವರ ಪೈರೇಟ್ ಕೇಕ್‌ನಲ್ಲಿ ಲಟಾಕಿಯಾದ್ದೇ ಸಿಂಹಪಾಲು. ಹೊಗೆಯ ಮೋಹ ಗಟ್ಟಿಯಾದವರಿಗೆ ಅದು.

ಎರಡನೆಯ ತಪ್ಪು ಪೈಪಿನದ್ದು. ಲಟಾಕಿಯಾ ಮರದೊಳಗೆ ಕೂತುಬಿಡುತ್ತದೆ. ಒಂದು ಬ್ರಯರ್ ಮರದ ಪೈಪನ್ನು ಅದಕ್ಕೇ ಮೀಸಲಿಡಬೇಕು. ಸುಮ್ನೆ ರುಚಿ ನೋಡುವವರಿಗೆ ನಾನು ಜೋಳದ ದಿಂಡಿನ ಪೈಪ್ ಕೊಡುತ್ತೇನೆ. ಅಮೆರಿಕದ ಮಿಸೌರಿ ಮೀರ್‌ಶಾಮ್ ಕಂಪನಿಯವರು 1869ರಿಂದ ಮಾಡುತ್ತಿರುವ ಪೈಪುಗಳು ಅವು. ಅಗ್ಗ, ಹಗುರ. ಹಿಡಿಸದಿದ್ದರೆ ಮನೆಯ ಹಳೆಯ ಪೈಪಿಗೆ ಏನೂ ಆಗಿರುವುದಿಲ್ಲ. ಮಾಟುಂಗದ ಹಿರಿಯರಿಗೆ ಅವತ್ತೇ ಇದನ್ನು ಕೊಟ್ಟಿದ್ದರೆ ಎಂದು ಎಷ್ಟೋ ಸಲ ಅನಿಸಿದೆ.

ಮುಂಬೈ ಮಳೆಗಾಲದಲ್ಲಿ ಡಬ್ಬಿ ತೆಗೆದಿಟ್ಟರೆ ಎಲೆ ನೀರು ಕುಡಿಯುತ್ತದೆ, ಬೂಸ್ಟು ಹಿಡಿಯುತ್ತದೆ. ರಬ್ಬರ್ ಮುಚ್ಚಳದ ಗಾಜಿನ ಬಾಟಲಿಗೆ ತುಂಬಿಡಿ. ಸೇದುವ ಮುಂಚೆ ಚಿಟಿಕೆ ಒತ್ತಿ ನೋಡಿ. ಮುದ್ದೆಯಾಗಿ ಅಂಟಿಕೊಂಡರೆ ಒದ್ದೆ ಎಂದರ್ಥ. ಒದ್ದೆ ಎಲೆಯ ಆವಿ ನಾಲಿಗೆ ಸುಡುತ್ತದೆ.

ಇನ್ನೊಂದು ಪ್ರಶ್ನೆ ತಪ್ಪದೆ ಕೇಳುತ್ತೇನೆ: ಮನೆಯಲ್ಲಿ ಯಾರಿದ್ದಾರೆ? ಈ ಹೊಗೆ ಪರದೆ, ಹಾಸಿಗೆ ಎಲ್ಲ ಹಿಡಿಯುತ್ತದೆ. ಒಂದೂವರೆ ಕೋಣೆಯ ಮನೆಯಲ್ಲಿ ಮಗು ಇದ್ದರೆ ಒಳಗೆ ಹಚ್ಚಲೇಬೇಡಿ. ಇಲ್ಲಿಯವರೆಗೆ ಸೇದದವರು ಕುತೂಹಲಕ್ಕೆ ಬಂದರೆ ಶುರು ಮಾಡಬೇಡಿ ಅಂತ ನೇರವಾಗಿ ಹೇಳುತ್ತೇನೆ. 18 ತುಂಬದವರಿಗೆ ಮಾರುವುದು ಕಾನೂನಿಗೆ ವಿರುದ್ಧ, ಅದರಲ್ಲಿ ಮಾತೇ ಇಲ್ಲ. ಪೈಪ್ ಹೊಗೆಯನ್ನು ಒಳಗೆ ಎಳೆಯದಿದ್ದರೂ ಬಾಯಿಗೆ, ಗಂಟಲಿಗೆ ಕ್ಯಾನ್ಸರ್ ಬರುವ ಅಪಾಯ ಇದ್ದೇ ಇದೆ. ಪರೇಲಿನಲ್ಲಿ ಟಾಟಾ ಮೆಮೋರಿಯಲ್ ಆಸ್ಪತ್ರೆಯ ಎದುರು ಫುಟ್‌ಪಾತಿನ ಮೇಲೆ ಕಾಯುವ ಮನೆಮಂದಿಯನ್ನು ನೋಡಿದ್ದೇನೆ. ನೋಡಿದ ಮೇಲೂ ಈ ಕೆಲಸ ಮಾಡುತ್ತಿರುವುದರಿಂದಲೇ ಇಷ್ಟಾದರೂ ಹೇಳಬೇಕು ಅನಿಸುತ್ತದೆ.

ಆ ಹಿರಿಯರು ಈಗಲೂ ಬರುತ್ತಾರೆ, ಅಪರೂಪಕ್ಕೆ. ತಂದೆಯ ಪೈಪಿನಲ್ಲಿ ಮತ್ತೆ ವೆನಿಲಾ ತುಂಬಲು ಅವರಿಗೆ ಮನಸ್ಸಾಗಲಿಲ್ಲ. ಈಚೆಗೆ ಬಂದಾಗ ನನ್ನ ಬಾಟಲಿ ತೆಗೆದು ಮೂಸಿ, "ಇದರ ವಾಸನೆ ಇಳಿದಿದೆಯಲ್ಲ" ಅಂದರು. ನಿಜ. ಡಬ್ಬಿಯಲ್ಲಿ ವರ್ಷಗಟ್ಟಲೆ ಇಟ್ಟ ಲಟಾಕಿಯಾ ಕೂಡ ಹೀಗೇ ಮೆಲ್ಲಗೆ ಇಳಿಯುತ್ತದೆ. ಮಳೆ ಮುಗಿದ ಮೇಲೆ ಹೊಸ ಉಪ್ಪಾಗೆ ಕಳಿಸು ಅಂತ ಅಮ್ಮನಿಗೆ ಫೋನ್ ಮಾಡಿದ್ದೇನೆ. ಈ ಸಲ ಎರಡು ಬಾಟಲಿ, ಒಂದು ಅವರಿಗೆ.