ಬ್ಯಾನರ್ ಮಡಚಿಟ್ಟ ಮೇಲೆ

ಹೋದ ತಿಂಗಳು ಇಬ್ಬರು ವಿದ್ಯಾರ್ಥಿನಿಯರು ನನ್ನನ್ನು ಹುಡುಕಿಕೊಂಡು ಮನೆಗೆ ಬಂದರು. ನಾವು ಕಾಲೇಜಿನಲ್ಲಿದ್ದಾಗ ಕಸದ ಗುಡ್ಡವೊಂದರ ವಿರುದ್ಧ ನಡೆಸಿದ ಹೋರಾಟದ ಸುದ್ದಿ ಅವರ ಕಿವಿಗೆ ಬಿದ್ದಿತ್ತು. ಗುಡ್ಡ ಈಗಲೂ ಅಲ್ಲೇ ಇದೆ, ಇನ್ನಷ್ಟು ಎತ್ತರವಾಗಿದೆ. ಆದ್ದರಿಂದ ಅವರು ಹೊಸದಾಗಿ ಅರ್ಜಿ ಹಾಕಲು ಹೊರಟಿದ್ದರು. "ನೀವು ಕೊಟ್ಟ ಅರ್ಜಿಯ ಸ್ವೀಕೃತಿ ಪ್ರತಿ ಇದೆಯಾ ಮೇಡಂ?" ಎಂದು ಒಬ್ಬಳು ಕೇಳಿದಳು. ಇರಲಿಲ್ಲ. ಜಾಥಾದ ಫೋಟೊ ಇತ್ತು, ಪತ್ರಿಕೆಯ ತುಣುಕು ಇತ್ತು, ಬಣ್ಣ ಮಾಸಿದ ಬ್ಯಾನರ್ ಕೂಡ ಅಟ್ಟದ ಮೇಲಿತ್ತು. ಕಚೇರಿಯ ಮೊಹರು ಬಿದ್ದ ಆ ಒಂದು ಹಾಳೆ ಮಾತ್ರ ಯಾವ ಗೆಳೆಯನ ಫೈಲಿನೊಳಗೆ ಸೇರಿ ಎಲ್ಲಿಗೆ ಹೋಯಿತೋ ಯಾರಿಗೂ ಗೊತ್ತಿಲ್ಲ.

ನನ್ನ ಬಳಿ ಉಳಿದಿದ್ದದ್ದು ನಡಾವಳಿ ಪುಸ್ತಕ. ಮೊದಲ ಸಭೆಯ ಪುಟದಲ್ಲಿ ನಲವತ್ತಕ್ಕೂ ಹೆಚ್ಚು ಸಹಿಗಳಿವೆ, ಪರೀಕ್ಷೆಗಳು ಹತ್ತಿರವಾದಂತೆ ಅವು ಹನ್ನೆರಡಕ್ಕೆ ಇಳಿಯುತ್ತವೆ, ಕೊನೆಯ ಪುಟದಲ್ಲಿರುವುದು ಮೂರು. ನಮ್ಮನ್ನು ಯಾರೂ ಸೋಲಿಸಲಿಲ್ಲ. ಪದವಿ ಮುಗಿಯಿತು, ಅಷ್ಟೆ. ಯೌವನವನ್ನೇ ಬಂಡವಾಳ ಮಾಡಿಕೊಂಡ ಸಂಘಟನೆಯ ಕಷ್ಟ ಇದು: ಅದರ ಸದಸ್ಯರು ಮೂರು ವರ್ಷಕ್ಕೊಮ್ಮೆ ಕೆಲಸ ಹುಡುಕಿಕೊಂಡು ಚದುರಿಹೋಗುತ್ತಾರೆ, ಅದು ಎದುರು ಹಾಕಿಕೊಂಡ ಕಚೇರಿ ಮಾತ್ರ ಅಲ್ಲೇ ಕೂತಿರುತ್ತದೆ.

ಬೀದಿಯ ಹೋರಾಟವನ್ನು ನಾನು ಹಗುರವಾಗಿ ಕಾಣುತ್ತಿಲ್ಲ. 2018ರ ಆಗಸ್ಟ್‌ನಲ್ಲಿ 15 ವರ್ಷದ ಗ್ರೆಟಾ ಥನ್‌ಬರ್ಗ್ ಹವಾಮಾನ ಬದಲಾವಣೆ ತಡೆಯಲು ಕ್ರಮ ಕೈಗೊಳ್ಳಿ ಎಂದು ಸ್ವೀಡನ್ ಸಂಸತ್ತಿನ ಹೊರಗೆ ಒಬ್ಬಳೇ ಕೂತಳು. ಮರುವರ್ಷದ ಸೆಪ್ಟೆಂಬರ್‌ನಲ್ಲಿ ಲಕ್ಷಾಂತರ ಮಕ್ಕಳು ಹತ್ತಾರು ದೇಶಗಳಲ್ಲಿ ತರಗತಿ ಬಿಟ್ಟು ರಸ್ತೆಗಿಳಿದಿದ್ದರು. ಆದರೆ ಅದೇ 2019ರಲ್ಲಿ, ಕ್ಯಾಮೆರಾಗಳಿಂದ ಬಹು ದೂರದಲ್ಲಿ ಶುರುವಾದ ಇನ್ನೊಂದು ಕೆಲಸದ ಬಗ್ಗೆ ಆ ಹುಡುಗಿಯರಿಗೆ ಹೇಳಬೇಕೆನಿಸಿತು.

ಪೆಸಿಫಿಕ್ ಸಾಗರದ ವನುವಾಟು ಎಂಬ ದ್ವೀಪರಾಷ್ಟ್ರದಲ್ಲಿ ಯೂನಿವರ್ಸಿಟಿ ಆಫ್ ದ ಸೌತ್ ಪೆಸಿಫಿಕ್‌ನ ಒಂದು ಕ್ಯಾಂಪಸ್ ಇದೆ. ಅಲ್ಲಿ ಕಾನೂನು ಓದುತ್ತಿದ್ದ 27 ವಿದ್ಯಾರ್ಥಿಗಳು ತಮ್ಮಲ್ಲೇ ಒಂದು ಪ್ರಶ್ನೆ ಹಾಕಿಕೊಂಡರು: ಹವಾಮಾನ ಬದಲಾವಣೆಯ ವಿಷಯದಲ್ಲಿ ದೇಶಗಳಿಗೆ ಇರುವ ಕಾನೂನಿನ ಹೊಣೆ ಏನು, ಆ ಹೊಣೆಯನ್ನು ಮುರಿದರೆ ಆಗುವುದೇನು? ಇದನ್ನು ಅಂತಾರಾಷ್ಟ್ರೀಯ ನ್ಯಾಯಾಲಯವೇ ಹೇಳಬೇಕು ಎಂಬುದು ಅವರ ಹಟ. ಆ ನ್ಯಾಯಾಲಯದ ಬಾಗಿಲನ್ನು ವಿದ್ಯಾರ್ಥಿಗಳು ನೇರವಾಗಿ ತಟ್ಟುವಂತಿಲ್ಲ. ಆದ್ದರಿಂದ ಅವರು ದ್ವೀಪರಾಷ್ಟ್ರಗಳ ನಾಯಕರಿಗೆ ಪತ್ರ ಬರೆದರು. ವನುವಾಟು ಸರ್ಕಾರ ಆ ಪ್ರಶ್ನೆಯನ್ನು ಕೈಗೆತ್ತಿಕೊಂಡಿತು. 2023ರ ಮಾರ್ಚ್ ಮೊದಲ ವಾರದಲ್ಲಿ ಎರಡು ಚಂಡಮಾರುತಗಳು ಒಂದರ ಬೆನ್ನಿಗೆ ಒಂದು ಆ ದೇಶಕ್ಕೆ ಅಪ್ಪಳಿಸಿದವು; ಅದೇ ತಿಂಗಳ 29ರಂದು ವಿಶ್ವಸಂಸ್ಥೆಯ ಸಾಮಾನ್ಯ ಸಭೆ ಮತದಾನವಿಲ್ಲದೆ, ಸರ್ವಸಮ್ಮತಿಯಿಂದ, ಪ್ರಶ್ನೆಯನ್ನು ಹೇಗ್ ನಗರದಲ್ಲಿರುವ ಆ ನ್ಯಾಯಾಲಯಕ್ಕೆ ಕಳಿಸಿತು. 2025ರ ಜುಲೈ 23ರಂದು ನ್ಯಾಯಾಧೀಶರೆಲ್ಲರೂ ಒಮ್ಮತದಿಂದ ಉತ್ತರ ಕೊಟ್ಟರು: ಹವಾಮಾನವನ್ನು ಕಾಪಾಡುವುದು ದೇಶಗಳ ಕಾನೂನುಬದ್ಧ ಕರ್ತವ್ಯ, ಅದನ್ನು ಮುರಿದ ದೇಶ ಪರಿಹಾರ ಕೊಡಬೇಕಾಗಿ ಬರಬಹುದು. ಇದು ಸಲಹೆಯ ರೂಪದ ಅಭಿಪ್ರಾಯ, ಯಾವ ದೇಶವನ್ನೂ ಕಟ್ಟಿಹಾಕುವ ತೀರ್ಪಲ್ಲ ಎಂಬುದು ನಿಜ. ಆದರೂ ನನಗೆ ಬೆರಗು ಹುಟ್ಟಿಸುವುದು ಆ ಆರು ವರ್ಷಗಳು. ಅಷ್ಟರಲ್ಲಿ ಅವರ ಪದವಿ ಮುಗಿದಿರುತ್ತದೆ, ನಡುವೆ ಕೋವಿಡ್ ಬಂದು ಹೋಗಿದೆ, ಆದರೂ ಕಡತ ಕೈಯಿಂದ ಕೈಗೆ ದಾಟುತ್ತಲೇ ಇತ್ತು. ಸ್ವೀಕೃತಿ ಪ್ರತಿ ಕಳೆದುಕೊಂಡ ನಮ್ಮಂಥವರಿಗೆ ಇದರ ಬೆಲೆ ಚೆನ್ನಾಗಿ ಗೊತ್ತು.

ಏನು ಕೇಳಬೇಕು ಎಂಬುದೂ ಅಷ್ಟೇ ಮುಖ್ಯ. ಅಮೆರಿಕದಲ್ಲಿ 2015ರಲ್ಲಿ 21 ಮಂದಿ ಎಳೆಯರು ಇಡೀ ಫೆಡರಲ್ ಸರ್ಕಾರದ ಇಂಧನ ನೀತಿಯ ಮೇಲೆ ಮೊಕದ್ದಮೆ ಹೂಡಿದ್ದರು. ಅವರಿಗೆ ಹಾನಿಯಾಗುತ್ತಿರುವುದನ್ನು ಮೇಲ್ಮನವಿ ನ್ಯಾಯಾಲಯ ಒಪ್ಪಿಕೊಂಡಿತು, ಆದರೆ ಇಡೀ ನೀತಿಯನ್ನೇ ಬದಲಿಸಲು ಸರ್ಕಾರಕ್ಕೆ ಹೇಳುವುದು ತನ್ನ ಅಧಿಕಾರಕ್ಕೆ ಮೀರಿದ್ದು ಎಂದು 2020ರಲ್ಲಿ ದಾವೆಯನ್ನು ವಜಾ ಮಾಡಲು ಆದೇಶಿಸಿತು. ಅದೇ ವರ್ಷ ಮೊಂಟಾನಾ ರಾಜ್ಯದ 16 ಮಂದಿ ಎಳೆಯರು ಬೇರೆ ದಾರಿ ಹಿಡಿದರು. ಅವರ ರಾಜ್ಯದ ಸಂವಿಧಾನದಲ್ಲಿ ಶುದ್ಧ, ಆರೋಗ್ಯಕರ ಪರಿಸರದ ಹಕ್ಕು ಬರೆದೇ ಇದೆ. ಯೋಜನೆಗಳಿಗೆ ಅನುಮತಿ ಕೊಡುವಾಗ ಹಸಿರುಮನೆ ಅನಿಲಗಳನ್ನು ಲೆಕ್ಕಕ್ಕೆ ತೆಗೆದುಕೊಳ್ಳಬಾರದು ಎನ್ನುವ ಕಾನೂನು ಆ ಹಕ್ಕಿಗೆ ವಿರುದ್ಧ ಎಂದು ಅವರು ವಾದಿಸಿದರು. ಕಟಕಟೆಯಲ್ಲಿ ನಿಂತು ಹೇಳಿದ್ದು ತಮ್ಮ ಬದುಕಿನ ಮಾತುಗಳನ್ನೇ: ಕಾಳ್ಗಿಚ್ಚಿನ ಹೊಗೆಗೆ ಉಲ್ಬಣಿಸುವ ಉಬ್ಬಸ, ಬರದಲ್ಲಿ ನೀರಿಲ್ಲದೆ ನರಳಿದ ದನಕರು. 2023ರ ಆಗಸ್ಟ್‌ನಲ್ಲಿ ಗೆದ್ದರು, 2024ರ ಡಿಸೆಂಬರ್‌ನಲ್ಲಿ ರಾಜ್ಯದ ಸರ್ವೋಚ್ಚ ನ್ಯಾಯಾಲಯವೂ ಅದನ್ನೇ ಎತ್ತಿಹಿಡಿಯಿತು. "ಪರಿಸರ ಉಳಿಸಿ" ಎಂದು ಬರೆದ ನಮ್ಮ ಬ್ಯಾನರ್ ಯಾರನ್ನು ಏನು ಮಾಡಲು ಕೇಳುತ್ತಿತ್ತೆಂದು ಈಗ ಯೋಚಿಸಿದರೆ ನನಗೇ ನಗು ಬರುತ್ತದೆ.

ಇನ್ನೊಂದು ವಿಷಯ ನಗು ತರಿಸುವಂಥದ್ದಲ್ಲ. 2020ರ ಜನವರಿಯಲ್ಲಿ ಸ್ವಿಟ್ಜರ್ಲೆಂಡ್‌ನ ದಾವೋಸ್‌ನಲ್ಲಿ ಹವಾಮಾನ ಹೋರಾಟದ ಐವರು ಯುವತಿಯರು ಸಾಲಾಗಿ ನಿಂತು ಫೋಟೊ ತೆಗೆಸಿಕೊಂಡರು. ಸುದ್ದಿಸಂಸ್ಥೆಯೊಂದು ಹಂಚಿದ ಚಿತ್ರದಲ್ಲಿ ಇದ್ದವರು ನಾಲ್ವರೇ. ಕತ್ತರಿ ಬಿದ್ದದ್ದು ಅಂಚಿನಲ್ಲಿ ನಿಂತಿದ್ದ ಉಗಾಂಡದ ವನೆಸ್ಸಾ ನಕಾಟೆಯ ಮೇಲೆ, ಆ ಸಾಲಿನ ಏಕೈಕ ಕಪ್ಪು ಯುವತಿಯ ಮೇಲೆ. ಹಿಂದಿನ ಕಟ್ಟಡ ಅಡ್ಡಿಯಾಗಿತ್ತೆಂದು ಸಮಜಾಯಿಷಿ ಬಂತು. ಆಮೇಲೆ ಸಂಸ್ಥೆ ಕ್ಷಮೆ ಕೇಳಿತು. ಆ ಸುದ್ದಿ ಓದಿದ ದಿನ ನಾನೂ ಸಿಟ್ಟಾಗಿದ್ದೆ. ನಾವೇ ಹಿಡಿದಿದ್ದ ಕತ್ತರಿ ನೆನಪಾದದ್ದು ತಡವಾಗಿ.

ಕಸದ ಗುಡ್ಡದ ಬುಡದಲ್ಲಿ ವಾಸವಿದ್ದ ಕುಟುಂಬಗಳ ಹುಡುಗ ಹುಡುಗಿಯರು ನಮ್ಮ ಸಭೆಯೊಂದಕ್ಕೆ ಬಂದಿದ್ದರು. ನಾವು ಬೆಂಚುಗಳ ಮೇಲೆ ಕೂತಿದ್ದೆವು, ಅವರು ಹಿಂದೆ ಗೋಡೆಗೆ ಒರಗಿ ನಿಂತಿದ್ದರು. ಗುಡ್ಡಕ್ಕೆ ಬೇಲಿ ಹಾಕಿ ಮುಚ್ಚಿಸಬೇಕೆಂದು ನಾವೆಲ್ಲ ಮಾತಾಡಿ ಮುಗಿಸಿದ ಮೇಲೆ ಒಬ್ಬ ಹುಡುಗಿ ಕೈ ಎತ್ತಿದಳು. "ಬೇಲಿ ಹಾಕಿಬಿಟ್ರೆ ನಮ್ಮಮ್ಮ ಪ್ಲಾಸ್ಟಿಕ್ ಎಲ್ಲಿ ಆಯ್ಬೇಕು?" ಎಂದು ಕೇಳಿದಳು. ಅವಳಿಗೂ ಆ ಹೊಗೆ ಬೇಡವಾಗಿತ್ತು, ನಮಗಿಂತ ಹೆಚ್ಚಾಗಿಯೇ ಬೇಡವಾಗಿತ್ತು; ಬೆಂಕಿ ಹಚ್ಚುವುದು ನಿಲ್ಲಲಿ, ಒಣಕಸ ಬೇರೆಯಾಗಿ ಬರಲಿ, ಆಯುವ ಕೆಲಸ ತಮಗೇ ಉಳಿಯಲಿ ಎಂಬುದು ಅವಳ ಮಾತಿನ ಸಾರ. ನಮ್ಮ ಇಡೀ ವರ್ಷದ ಸಭೆಗಳಲ್ಲಿ ಕೇಳಿಬಂದ ಅತ್ಯಂತ ಖಚಿತವಾದ ಬೇಡಿಕೆ ಅದೇ ಆಗಿತ್ತೆಂದು ಈಗ ಅನ್ನಿಸುತ್ತದೆ. ಆಗ ನಾವು ತಲೆಯಾಡಿಸಿ, ಮೊದಲೇ ಟೈಪ್ ಮಾಡಿಟ್ಟಿದ್ದ ಅರ್ಜಿಯನ್ನೇ ಕೊಟ್ಟು ಬಂದೆವು.

ಬಂದಿದ್ದ ಇಬ್ಬರಿಗೂ ಇದನ್ನೆಲ್ಲ ಹೇಳಿದೆ. ಅವರು ನಡಾವಳಿ ಪುಸ್ತಕದ ಪುಟಗಳನ್ನು ಒಂದೊಂದಾಗಿ ಮೊಬೈಲಿನಲ್ಲಿ ಸೆರೆಹಿಡಿದುಕೊಂಡರು. ಹೊರಡುವ ಮುಂಚೆ, ಈಗಲೂ ಅಲ್ಲೇ ಇದ್ದರೆ ಅವರನ್ನೇ ಮೊದಲು ಕಂಡು ಮಾತಾಡುತ್ತೇವೆ, ಆ ಹುಡುಗಿಯ ಹೆಸರೇನು ಎಂದು ಕೇಳಿದರು. ನೆನಪಾಗಲಿಲ್ಲ. ಆ ದಿನದ ಪುಟ ತೆಗೆದು ನೋಡಿದೆವು. ನಮ್ಮವರ ಹೆಸರುಗಳೆಲ್ಲ ತರಗತಿ, ವಿಭಾಗ ಸಮೇತ ಇದ್ದವು. ಅವುಗಳ ಕೆಳಗೆ ನನ್ನದೇ ಕೈಬರಹದಲ್ಲಿ ಒಂದು ಸಾಲು: "ಸ್ಥಳೀಯರೂ ಹಾಜರಿದ್ದರು."