ಮಾಲ್ಟಾದ ಕಡಲಂಚಿನಲ್ಲಿ ಏಳು ರಾತ್ರಿ: ಹೋಟೆಲು ಕಾದಿರಿಸುವ ಮುನ್ನ

ಮಾಲ್ಟಾಕ್ಕೆ ಹೊರಡುವವರು ಎಲ್ಲಕ್ಕಿಂತ ಮೊದಲು ತೀರ್ಮಾನಿಸಬೇಕಾದದ್ದು ಯಾವ ಊರಿನಲ್ಲಿ ಉಳಿಯಬೇಕೆಂಬುದನ್ನು. ದ್ವೀಪದ ಉದ್ದವೇ ಸುಮಾರು 27 ಕಿಲೋಮೀಟರ್, ಎಲ್ಲಿ ಉಳಿದರೇನು ಎಂದುಕೊಂಡು ನಾವು ‘ಕಡಲಿಗೆ ಮುಖಮಾಡಿದ ಕೋಣೆ’ ಎಂಬ ಒಂದೇ ಮಾತನ್ನು ನಂಬಿ, ಸೆಪ್ಟೆಂಬರ್ ಕೊನೆಯ ವಾರಕ್ಕೆ ಸ್ಲೀಮಾದಲ್ಲಿ ಹೋಟೆಲು ಕಾದಿರಿಸಿದೆವು. ಕಡಲೇನೋ ಕಿಟಕಿಯ ಎದುರಿಗೇ ಇತ್ತು; ಮರಳು ಮಾತ್ರ ಇರಲಿಲ್ಲ.

ಸ್ಲೀಮಾದ ದಂಡೆಯೆಂದರೆ ಚಪ್ಪಟೆಯಾದ ಸುಣ್ಣಕಲ್ಲಿನ ಹಾಸು. ನೀರಿಗೆ ಇಳಿಯಲು ಬಂಡೆಗೆ ಲೋಹದ ಏಣಿಗಳನ್ನು ಬಿಗಿದಿದ್ದಾರೆ, ಏಣಿ ಮುಗಿದಲ್ಲಿ ಕಾಲಿಗೆ ನೆಲ ಸಿಗುವುದಿಲ್ಲ. ಮಲ್ಪೆಯ ಮರಳಿನಲ್ಲಿ ಮೊಣಕಾಲುದ್ದ ನೀರಿಗೆ ಇಳಿದು ಸಂತೋಷಪಡುವ, ಈಜು ಬಾರದ ನನ್ನ ಹೆಂಡತಿ ಮೊದಲೆರಡು ದಿನ ಬಂಡೆಯ ಅಂಚಿನಲ್ಲಿ ಕುಳಿತು ಪಾದ ತೋಯಿಸಿಕೊಂಡದ್ದಷ್ಟೇ ಬಂತು. ಮೂರನೆಯ ದಿನ ಬಂಡೆಯಲ್ಲಿ ಚೌಕಾಕಾರವಾಗಿ ಕೊರೆದ ಸ್ನಾನದ ಗುಂಡಿಗಳು ಕಣ್ಣಿಗೆ ಬಿದ್ದವು. ‘ರೋಮನ್ ಸ್ನಾನಗುಂಡಿ’ಗಳೆಂದು ಕರೆಸಿಕೊಂಡರೂ ಅವು ಬ್ರಿಟಿಷರ ಕಾಲದವು, ಸಣ್ಣ ಕಾಲುವೆಯ ಮೂಲಕ ಒಳಬರುವ ಕಡಲ ನೀರು ಅಲ್ಲಿ ಶಾಂತವಾಗಿ ನಿಂತಿರುತ್ತದೆ. ಪಾಚಿಗೆ ಕಾಲು ಜಾರುವುದರಿಂದ ರಬ್ಬರ್ ಅಡಿಯ ಈಜು ಪಾದರಕ್ಷೆ ಅಗತ್ಯ. ಮಕ್ಕಳಿರುವವರು ಸ್ಲೀಮಾವನ್ನು ಬಿಟ್ಟು ಉತ್ತರದ ಮೆಲ್ಲೀಹಾದಲ್ಲಿ ಉಳಿಯುವುದೇ ಒಳ್ಳೆಯದು. ಅಲ್ಲಿಯ ಕೊಲ್ಲಿಯಲ್ಲಿ ಮರಳೂ ಇದೆ, ಬಹುದೂರದವರೆಗೆ ಆಳವಿಲ್ಲದ ನೀರೂ ಇದೆ.

ಆದರೆ ಇತಿಹಾಸಕ್ಕಾಗಿ ಹೋಗುವವರಿಗೆ ಸ್ಲೀಮಾವೇ ಅನುಕೂಲ. ಬಸ್ಸುಗಳು ತುಂಬಿದ್ದರೆ ನಿಲ್ಲಿಸದೆ ಹೋಗಿಬಿಡುತ್ತವೆ. ಇಲ್ಲಿಂದಲಾದರೆ ದೋಣಿಯಲ್ಲಿ ಕೆಲವೇ ನಿಮಿಷಗಳಲ್ಲಿ ರಾಜಧಾನಿ ವಾಲೆಟ್ಟಾ ತಲುಪಬಹುದು. 1565ರಲ್ಲಿ ಆಟೋಮನ್ ತುರ್ಕರ ಮುತ್ತಿಗೆಯನ್ನು ತಡೆದ, ಸಂತ ಜಾನ್ ಪಂಥವೆಂಬ ಕ್ರೈಸ್ತ ಸಂಘದ ಯೋಧರು ಮರುವರ್ಷವೇ ಅಡಿಗಲ್ಲು ಹಾಕಿದ ಈ ಕೋಟೆನಗರವನ್ನು ನೀರಿನ ಕಡೆಯಿಂದ ಸಮೀಪಿಸುವಾಗ, ಆ ಗೋಡೆಗಳನ್ನು ಯಾರಿಗೆ ಕಾಣಲೆಂದು ಅಷ್ಟು ಎತ್ತರಕ್ಕೆ ಕಟ್ಟಿದರೆಂಬುದು ತಾನಾಗಿ ಅರ್ಥವಾಗುತ್ತದೆ. ಸಂತ ಜಾನ್ ಕೆಥೆಡ್ರಲ್‌ಗೆ ಅರ್ಧ ದಿನ ಮೀಸಲಿಡಿ. ಇಟಲಿಯ ಚಿತ್ರಕಾರ ಕ್ಯಾರವಾಜಿಯೊ 1608ರಲ್ಲಿ ಬರೆದ ಸಂತ ಜಾನನ ಶಿರಚ್ಛೇದದ ಬೃಹತ್ ಚಿತ್ರ ಅಲ್ಲಿದೆ. ಕಾಲ ಕೆಳಗಿನ ನೆಲವೆಲ್ಲ ಯೋಧರ ಸಮಾಧಿಗಳ ಮೇಲೆ ಹಾಸಿದ ಬಣ್ಣದ ಅಮೃತಶಿಲೆ. ಅದಕ್ಕೆ ಗೀರು ಬೀಳಬಾರದೆಂದು ಚೂಪು ಹಿಮ್ಮಡಿಯ ಪಾದರಕ್ಷೆಗಳನ್ನು ಬಿಡುವುದಿಲ್ಲ. ಭುಜ ಮುಚ್ಚುವ ಉಡುಪು ಧರಿಸಿ ಹೋಗಿ. ಭಾನುವಾರ ಪ್ರವಾಸಿಗಳಿಗೆ ಪ್ರವೇಶವಿಲ್ಲ.

ನಾವು ಕಳೆದುಕೊಂಡದ್ದು ಹಾಲ್ ಸಫ್ಲಿಯೇನಿಯ ನೆಲದಡಿಯ ಸಮಾಧಿಸ್ಥಾನವನ್ನು. ಸಾವಿರಾರು ವರ್ಷಗಳ ಹಿಂದೆ ಬಂಡೆ ಕೊರೆದು ಮಾಡಿದ ಆ ಕೋಣೆಗಳಿಗೆ ಒಮ್ಮೆಗೆ ಹತ್ತೇ ಜನರನ್ನು ಬಿಡುತ್ತಾರೆ. ವಿಮಾನದ ಟಿಕೆಟ್ ಕೈಗೆ ಬಂದ ದಿನವೇ ಅದನ್ನೂ ಕಾದಿರಿಸಿ.

ಯುರೋಪಿನ ಹಲವು ದೇಶಗಳಿಗೆ ಒಟ್ಟಾಗಿ ಸಲ್ಲುವ ಷೆಂಗೆನ್ ವೀಸಾ ಬೇಕು. ಬ್ರಿಟಿಷ್ ಮಾದರಿಯ ಚೌಕ ಪಿನ್ನಿನ ಪ್ಲಗ್ಗಿಗೆ ಅಡಾಪ್ಟರ್ ಒಯ್ಯಿರಿ. ವಾಹನಗಳು ನಮ್ಮಲ್ಲಿಯಂತೆ ಎಡಕ್ಕೇ ಚಲಿಸುತ್ತವೆ, ಇಂಗ್ಲಿಷ್ ಎಲ್ಲೆಡೆ ನಡೆಯುತ್ತದೆ. ಸಸ್ಯಾಹಾರಿಗಳಿಗೆ ಬಟಾಣಿ ಅಥವಾ ರಿಕೋಟಾ ಗಿಣ್ಣು ತುಂಬಿದ ‘ಪಸ್ತಿಟ್ಸಿ’ ಸಿಗುತ್ತದೆ. ಬಿಸಿಬಿಸಿ ತಿಂದರೆ ನಮ್ಮ ಪಫ್ಸ್‌ನ ನೆನಪಾಗುತ್ತದೆ. ಆದರೆ ಹಿಟ್ಟಿಗೆ ಹಂದಿಯ ಕೊಬ್ಬು ಬೆರೆಸುವ ರೂಢಿಯೂ ಇರುವುದರಿಂದ ಕೇಳಿಯೇ ಕೊಳ್ಳಬೇಕು.

ಗೊಜೊ ದ್ವೀಪಕ್ಕೆ ಒಂದು ಇಡೀ ದಿನ ಬೇಕು. ಅಲ್ಲಿಯ ಪ್ರಸಿದ್ಧ ಕಲ್ಲಿನ ಕಮಾನು 2017ರ ಬಿರುಗಾಳಿಗೆ ಕುಸಿದುಬಿದ್ದಿದೆ, ಹಳೆಯ ಚಿತ್ರಗಳನ್ನು ನೋಡಿ ಅದನ್ನು ಹುಡುಕಬೇಡಿ. ಚಿರ್ಕೆವ್ವಾ ಬಂದರಿನಿಂದ ಹೊರಡುವ ಹಡಗಿಗೆ ಹೋಗುವಾಗ ಹಣ ಕೊಡಬೇಕಾಗಿಲ್ಲ, ಗೊಜೊದಿಂದ ಮರಳುವಾಗಷ್ಟೇ ಟಿಕೆಟ್. ಇದು ತಿಳಿಯದೆ ನಾವು ಟಿಕೆಟ್ ಕಿಟಕಿಗಾಗಿ ಹುಡುಕಾಡುತ್ತಿದ್ದಾಗ ಒಂದು ಹಡಗು ನಮ್ಮ ಕಣ್ಣೆದುರೇ ಹೊರಟುಹೋಯಿತು.